ತೆಂಗಿನ ತೋಟದಲ್ಲಿ ಕಾಂತ ಬಿರುಗಾಳಿ ಅಳೆದದ್ದು: ನನ್ನ ಅನುಭವ

2024ರ ಮೇ 10ರ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದ ಫೋಟೋ ನೀವೂ ನೋಡಿರಬೇಕು. ನಮ್ಮ ತುಮಕೂರು ಕಡೆ ಆಕಾಶ ಎಂದಿನ ಹಾಗೇ ಇತ್ತು. ಆದರೆ ಆ ಕೆಂಪಿಗೆ ಕಾರಣವಾದ ಕಾಂತ ಬಿರುಗಾಳಿ, ಅಂದರೆ ಸೂರ್ಯನ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಅಲುಗಾಡುವುದು, ನಮ್ಮ ತೋಟದ ಮಣ್ಣಲ್ಲಿ ಹೂತಿಟ್ಟ ಸೆನ್ಸರ್‌ಗೆ ಚೆನ್ನಾಗಿಯೇ ಸಿಕ್ಕಿತು. ಹೇಗೆ ಮಾಡಿದೆ ಅಂತ ಕೇಳಿದವರಿಗಾಗಿ ಇದು.

ಬಣ್ಣದ ಆಕಾಶ ನೋಡೋಕೆ ನಮ್ಮ ಊರು ಉಪಯೋಗವಿಲ್ಲ. ಬಿರುಗಾಳಿ ಅಳೆಯೋಕೆ ಮಾತ್ರ ಒಳ್ಳೆಯ ಜಾಗ. ಸೂರ್ಯನಿಂದ ಬಂದ ಕಣಗಳ ಹೊಡೆತ ಜೋರಾದಾಗ ಭೂಮಿಯ ಸುತ್ತ ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ, ಸಮಭಾಜಕದ ನೇರಕ್ಕೆ, ಉಂಗುರದಂತೆ ವಿದ್ಯುತ್ ಹರಿಯುತ್ತದೆ. ಆ ಉಂಗುರದ ಕಾಂತಕ್ಷೇತ್ರ ಭೂಮಿಯ ಕ್ಷೇತ್ರಕ್ಕೆ ಎದುರು. ನಮ್ಮಲ್ಲಿ ಭೂಮಿಯ ಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಉತ್ತರಕ್ಕೆ ಇದೆ, ಸುಮಾರು 40,000 ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ). ದೊಡ್ಡ ಬಿರುಗಾಳಿ ಬಂದರೆ ಅದರಲ್ಲಿ ನೂರಕ್ಕೆ ಒಂದು ಪಾಲು ಕರಗುತ್ತದೆ. ದಿಕ್ಸೂಚಿ ನೋಡುತ್ತಾ ಕೂತರೆ ಏನೂ ಕಾಣಿಸದು. ಮುಳ್ಳು ತೋರಿಸುವುದು ದಿಕ್ಕನ್ನು, ಇಲ್ಲಿ ಕಡಿಮೆಯಾಗುವುದು ಬಲ.

ನಾನು ಕೊಂಡಿದ್ದು ಆರ್‌ಎಂ 3100 ಅನ್ನುವ, ಕಾಂತಕ್ಷೇತ್ರ ಅಳೆಯುವ ಸೆನ್ಸರ್. ಮೂರು ಪುಟ್ಟ ಸುರುಳಿಗಳಿರುವ ಬೋರ್ಡ್, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಒಂದೊಂದು ರೀಡಿಂಗ್ ನೋಡಿದರೆ ಹತ್ತು ಹದಿನೈದು ನ್ಯಾನೊಟೆಸ್ಲಾ ಆಚೀಚೆ ಕುಣಿಯುತ್ತದೆ. ಒಂದು ನಿಮಿಷದ ರೀಡಿಂಗ್‌ಗಳ ಸರಾಸರಿ ತೆಗೆದರೆ ಗ್ರಾಫಿನ ಗೆರೆ ನೆಟ್ಟಗಾಗುತ್ತದೆ. ಪಿವಿಸಿ ಪೈಪಿನ ತುಂಡಿನಲ್ಲಿ ಕೂರಿಸಿ, ಎರಡೂ ಕಡೆ ಕ್ಯಾಪ್ ಹಾಕಿ ಸಾಲ್ವೆಂಟ್ ಹಚ್ಚಿದೆ. ಸ್ಕ್ರೂ ಬೇಕಾದಲ್ಲಿ ಹಿತ್ತಾಳೆಯದು. ಮೂರಡಿ ಗುಂಡಿ ತೆಗೆದು ಮಟ್ಟಗೋಲು ಇಟ್ಟು ಸಮ ಮಾಡಿ ಹೂತೆ. ಅಷ್ಟು ಆಳ ಯಾಕೆಂದರೆ ಈ ಸೆನ್ಸರ್ ಬಿಸಿಲಿಗೂ ಮಿಡುಕುತ್ತದೆ, ಮೂರಡಿ ಕೆಳಗೆ ಹಗಲು ರಾತ್ರಿಯ ವ್ಯತ್ಯಾಸ ತಟ್ಟುವುದಿಲ್ಲ. ಕೆಂಪು ಮಣ್ಣಲ್ಲಿ ಕಬ್ಬಿಣ ಇದೆಯಲ್ಲ ಅಂತ ಕೇಳುತ್ತಾರೆ. ಇದೆ, ಆದರೆ ಅದು ಕದಲುವುದಿಲ್ಲ. ನಮಗೆ ಬೇಕಿರುವುದು ಏರಿಳಿತ ಮಾತ್ರ.

ಗುಂಡಿ ತೋಡುವಾಗ ಪಕ್ಕದ ತೋಟದ ತಾತ ಬಂದರು. “ನೀರು ಹುಡುಕ್ತಿದ್ದೀಯೇನಪ್ಪಾ?”

“ಇಲ್ಲ ತಾತ, ಸೂರ್ಯನಿಂದ ಗಾಳಿ ಬರುತ್ತಲ್ಲ, ಅದನ್ನ ನೋಡೋಕೆ.”

“ಗಾಳಿ ನೋಡೋಕೆ ನೆಲ ಅಗೀಬೇಕಾ?” ಅಂದು ನಗುತ್ತಾ ಹೋದರು.

ನಿಜವಾದ ಕೆಲಸ ಶುರುವಾಗುವುದು ಹೂತ ಮೇಲೆ. ಗೆರೆ ಸುಮ್ನೆ ಇರುವುದೇ ಇಲ್ಲ. ಟ್ರ್ಯಾಕ್ಟರ್ ಪಕ್ಕದಲ್ಲಿ ಹಾದರೆ ಒಂದು ಗುಬುಟು ಬರುತ್ತದೆ. ಯಾರಾದರೂ ಕಾರು ತಂದು ನಿಲ್ಲಿಸಿದರೆ ಗೆರೆ ಮೆಟ್ಟಿಲಿನಂತೆ ಏರಿ, ಕಾರು ಹೋಗುವವರೆಗೂ ಅಲ್ಲೇ ನಿಲ್ಲುತ್ತದೆ. ತ್ರೀ ಫೇಸ್ ಬಂದು ಬೋರ್ ಮೋಟರ್ ಓಡಿದರೆ ಇನ್ನೊಂದು ಮೆಟ್ಟಿಲು. ಆಕಾಶದ್ದು ಹೀಗಿರುವುದಿಲ್ಲ. ಬಿರುಗಾಳಿ ಇಲ್ಲದ ದಿನವೂ ಬೆಳಗ್ಗೆಯಿಂದ ಗೆರೆ ನಿಧಾನಕ್ಕೆ ಏರಿ, ಮಧ್ಯಾಹ್ನದ ಹೊತ್ತಿಗೆ ಗುಡ್ಡದಂತಾಗಿ, ಸಂಜೆಗೆ ಇಳಿಯುತ್ತದೆ. ಸೂರ್ಯನ ಬೆಳಕಿಗೆ ಮೇಲಿನ ವಾತಾವರಣದಲ್ಲಿ ವಿದ್ಯುತ್ ಹರಿಯುವುದರಿಂದ ಆಗುವ ಗುಡ್ಡ ಅದು. ಈ ಗುಡ್ಡ ದಿನಾ ಕಾಣಿಸಿತೆಂದರೆ ನಿಮ್ಮ ಸೆನ್ಸರ್ ಸರಿಯಾಗಿದೆ. ಬಿರುಗಾಳಿಗೆ ಕಾಯುವ ಮೊದಲು ಇದನ್ನು ನೋಡಿಕೊಳ್ಳಿ.

ದೂರ ಬಹಳ ಮುಖ್ಯ. ಕಬ್ಬಿಣದ ವಸ್ತುವಿನ ಪ್ರಭಾವ ದೂರದ ಘನಕ್ಕೆ ತಕ್ಕಂತೆ ಕುಸಿಯುತ್ತದೆ. ಎರಡರಷ್ಟು ದೂರ ಹೋದರೆ ಎಂಟನೇ ಒಂದು ಪಾಲು. ಆದರೂ ಅನುಮಾನ ಉಳಿಯುತ್ತದೆ ಅಲ್ವಾ? ಅದಕ್ಕೆ ಸೂರ್ಯನನ್ನು ನೋಡಲು ಇಸ್ರೋ ಕಳಿಸಿದ ಆದಿತ್ಯ-ಎಲ್1 ನೌಕೆಯ ಉಪಾಯ ಹಿಡಿದೆ. ಅದರ ಕಾಂತಮಾಪಕ ಬೆಂಗಳೂರಿನಲ್ಲೇ, ಇಸ್ರೋದ ಲಿಯೋಸ್ ಅನ್ನುವ ಪ್ರಯೋಗಾಲಯದಲ್ಲಿ ತಯಾರಾಗಿದ್ದು. 6 ಮೀಟರ್ ಉದ್ದದ ತೋಳಿನ ತುದಿಯಲ್ಲಿ ಒಂದು ಸೆನ್ಸರ್, ನಡುವೆ ಇನ್ನೊಂದು. ನೌಕೆಯದೇ ಕಾಂತತ್ವ ಹತ್ತಿರದ ಸೆನ್ಸರ್‌ಗೆ ಜಾಸ್ತಿ ತಟ್ಟುತ್ತದೆ, ದೂರದ್ದಕ್ಕೆ ಕಡಿಮೆ. ಎರಡನ್ನೂ ಹೋಲಿಸಿ ಅದನ್ನು ಬೇರ್ಪಡಿಸುತ್ತಾರೆ. ನಾನೂ ಮನೆಯ ಹತ್ತಿರ ಎರಡನೇ ಸೆನ್ಸರ್ ಹೂತೆ. ಎರಡರಲ್ಲೂ ಒಂದೇ ಸಮ ಬಂದರೆ ಆಕಾಶದ್ದು. ಮನೆ ಕಡೆಯದರಲ್ಲಿ ಜಾಸ್ತಿ ಬಂದರೆ ಯಾರೋ ಬೈಕ್ ನಿಲ್ಲಿಸಿದ್ದಾರೆ ಅಂತ ಅರ್ಥ.

ಮೇ 10 ಬಸವ ಜಯಂತಿ. ಸೂರ್ಯನ ಮೇಲೆ 13664 ಸಂಖ್ಯೆಯ ದೊಡ್ಡ ಕಲೆಗಳ ಗುಂಪಿನಿಂದ ಸ್ಫೋಟದ ಮೇಲೆ ಸ್ಫೋಟ ಆಗಿದ್ದ ಸುದ್ದಿ ಮೊದಲೇ ಬಂದಿತ್ತು. ರಾತ್ರಿ ಹತ್ತೂವರೆ ದಾಟಿದ ಮೇಲೆ ಎರಡೂ ಗೆರೆಗಳು ಒಟ್ಟಿಗೆ ಮೇಲಕ್ಕೆ ಹಾರಿದವು. ಇಳಿಯಬೇಕಾದದ್ದು ಏರಿದ್ದು ಯಾಕೆ? ಮೊದಲ ಹೊಡೆತ ಭೂಮಿಯ ಕಾಂತಕವಚವನ್ನು ಅಮುಕುತ್ತದೆ, ಒಂದಷ್ಟು ಹೊತ್ತು ಕ್ಷೇತ್ರ ಜಾಸ್ತಿಯಾಗುತ್ತದೆ. ಆಮೇಲೆ ಉಂಗುರ ತುಂಬಿಕೊಂಡಂತೆ ಇಳಿತ. ರಾತ್ರಿಯಿಡೀ ಏಳುತ್ತಾ ಬೀಳುತ್ತಾ ಕೆಳಗಿಳಿದ ಗೆರೆ ತಳ ಮುಟ್ಟಿದ್ದು ಬೆಳಗ್ಗೆ ಎಂಟರ ಆಸುಪಾಸು. ಕ್ಯೋಟೊ ವಿಶ್ವವಿದ್ಯಾಲಯ ನಾಲ್ಕು ಕೇಂದ್ರಗಳ ಅಳತೆಯಿಂದ ಲೆಕ್ಕ ಹಾಕುವ ಡಿಎಸ್‌ಟಿ ಸೂಚ್ಯಂಕ, ಅಂದರೆ ಕ್ಷೇತ್ರ ಎಷ್ಟು ಇಳಿಯಿತು ಅನ್ನುವ ಲೆಕ್ಕ, ಮೈನಸ್ 400 ನ್ಯಾನೊಟೆಸ್ಲಾದ ಆಚೆ ಹೋಗಿತ್ತು. ಹವಾಯಿಯ ಹೊನೊಲುಲು, ಜಪಾನಿನ ಕಕಿಯೋಕ, ನಮ್ಮ ತೋಟ, ಎಲ್ಲ ಕಡೆ ಅದೇ ಇಳಿತ. ಇಳಿದದ್ದು ಕೆಲವೇ ಗಂಟೆಗಳಲ್ಲಿ, ಮೊದಲಿನ ಮಟ್ಟಕ್ಕೆ ಬರಲು ದಿನಗಳೇ ಬೇಕಾದವು.

1859ರ ಬಿರುಗಾಳಿಯಲ್ಲಿ ಮುಂಬೈನ ಕೊಲಾಬಾ ವೀಕ್ಷಣಾಲಯ ಸುಮಾರು 1,600 ನ್ಯಾನೊಟೆಸ್ಲಾ ಇಳಿತ ದಾಖಲಿಸಿತ್ತು. ಅದರ ಮುಂದೆ ನಮ್ಮ ಮೇ ತಿಂಗಳದ್ದು ಕಾಲು ಭಾಗ. ಮುಂಬೈಗೆ ಕರೆಂಟ್ ಟ್ರಾಮ್ ಬರುತ್ತದೆ ಎಂದಾದಾಗ, ಅದರ ವಿದ್ಯುತ್ ಅಳತೆ ಕೆಡಿಸುತ್ತದೆ ಅಂತ, ಕಾಂತ ಅಳೆಯುವ ಕೆಲಸ ಅಲಿಬಾಗ್‌ಗೆ ಹೋಯಿತು. ಅವರಿಗೆ ಟ್ರಾಮ್, ನನಗೆ ಬೋರ್ ಮೋಟರ್.

ಆದರೆ ಗೆರೆಯ ಆಳ ನೋಡಿಯೇ ಹಾನಿ ಅಳೆಯಬೇಡಿ. 2022ರ ಫೆಬ್ರವರಿಯಲ್ಲಿ ಬಂದದ್ದು ಸಾಧಾರಣ ಬಿರುಗಾಳಿ. ಅಷ್ಟಕ್ಕೇ ಮೇಲಿನ ವಾತಾವರಣ ಬಿಸಿಯಾಗಿ ಉಬ್ಬಿ, ಆಗಷ್ಟೇ ಕೆಳಗಿನ ಕಕ್ಷೆಗೆ ಬಿಟ್ಟಿದ್ದ 49 ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳಲ್ಲಿ ಸುಮಾರು 40 ಕೆಳಗೆ ಬಿದ್ದು ಉರಿದುಹೋದವು. ಅಂಥದ್ದು ತೋಟದ ಗೆರೆಯಲ್ಲಿ ಮಧ್ಯಾಹ್ನದ ಗುಡ್ಡಕ್ಕಿಂತ ಸ್ವಲ್ಪ ದೊಡ್ಡದಾಗಿ ಕಂಡೀತು, ಅಷ್ಟೇ. ಅದಕ್ಕೇ ಈಗ ಮೋಟರ್ ಹಾಕಿದ, ಆರಿಸಿದ ಹೊತ್ತನ್ನೂ ರೀಡಿಂಗ್ ಪಕ್ಕದಲ್ಲೇ ಬರೆದಿಡುತ್ತೇನೆ. ದೊಡ್ಡ ಬಿರುಗಾಳಿಗೆ ಆ ಪಟ್ಟಿ ಬೇಕಿಲ್ಲ, ಚಿಕ್ಕವು ಅದಿಲ್ಲದೆ ಸಿಗುವುದಿಲ್ಲ.