ಒಂದೇ ತೊಡೆಮೂಳೆಯಿಂದ ದೈತ್ಯ ಹಕ್ಕಿಯ ತೂಕ ಲೆಕ್ಕ ಹಾಕುವುದು ಹೇಗೆ?

ನ್ಯೂಜಿಲೆಂಡಿನ ಮೋವಾ, ಮಡಗಾಸ್ಕರಿನ ಆನೆಹಕ್ಕಿಯಂಥ ಅಳಿದುಹೋದ ಹಕ್ಕಿಗಳ ತೂಕ ಅಂದಾಜಿಸಲು ಇಡೀ ಅಸ್ಥಿಪಂಜರವೇ ಬೇಕೆಂದಿಲ್ಲ. ಒಂದು ತೊಡೆಮೂಳೆ, ಕಾಗದದ ಪಟ್ಟಿ, ಸ್ಕೇಲು, ಲಾಗ್ ಗುಂಡಿಯಿರುವ ಕ್ಯಾಲ್ಕ್ಯುಲೇಟರ್ ಸಾಕು. ಉದ್ದ ಅಳೆದು ಪ್ರಯೋಜನವಿಲ್ಲ. ಮೈಭಾರದ ಗುಟ್ಟು ಇರುವುದು ಮೂಳೆಯ ದಪ್ಪದಲ್ಲಿ.

ಕೈಯಲ್ಲಿರುವುದು ತೊಡೆಮೂಳೆಯೇ ಹೌದಾ ಎಂದು ಮೊದಲು ನೋಡಿಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ. ಹಕ್ಕಿಯ ಕಾಲಿನ ಅತಿ ಉದ್ದದ ಮೂಳೆ ಮೊಣಕಾಲಿನ ಕೆಳಗಿನದು. ತೊಡೆಮೂಳೆ ಅದಕ್ಕಿಂತ ಗಿಡ್ಡ; ಮೇಲ್ತುದಿಯಲ್ಲಿ ಸೊಂಟದ ಗುಳಿಯಲ್ಲಿ ಕೂರುವ ದುಂಡು ತಲೆಯೊಂದು ಪಕ್ಕಕ್ಕೆ ಚಾಚಿರುತ್ತದೆ, ಕೆಳತುದಿಯಲ್ಲಿ ಎರಡು ಉಬ್ಬುಗಳಿರುತ್ತವೆ.

ಮೂಳೆಯ ನಡುಭಾಗದಲ್ಲಿ ಅತಿ ಸಣ್ಣಗಿರುವ ಜಾಗ ಹುಡುಕಿ, ಪಟ್ಟಿ ಬಿಗಿಯಾಗಿ ಸುತ್ತಿ, ತುದಿ ಕೂಡುವಲ್ಲಿ ಪೆನ್ಸಿಲ್ ಗೆರೆ ಹಾಕಿ, ಬಿಚ್ಚಿ ಅಳೆಯಿರಿ. ದಾರ ಬೇಡ, ಎಳೆದರೆ ಹಿಗ್ಗುತ್ತದೆ. ಪಟ್ಟಿ ಓರೆಯಾದರೆ ಅಳತೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಹಾಗಾಗಿ ಮೂರು ಸಲ ಸುತ್ತಿ, ಬಂದದ್ದರಲ್ಲಿ ಚಿಕ್ಕದನ್ನು ಇಟ್ಟುಕೊಳ್ಳಿ.

ಇನ್ನು ಲೆಕ್ಕ. 1992ರಲ್ಲಿ ಕ್ಯಾಂಪ್‌ಬೆಲ್ ಮತ್ತು ಮಾರ್ಕಸ್ ಎಂಬ ಸಂಶೋಧಕರು ಈಗಿನ ಹಕ್ಕಿಗಳನ್ನು ಅಳೆದು ಕೊಟ್ಟ ಸೂತ್ರವಿದು:

ಲಾಗ್ (ತೂಕ, ಗ್ರಾಂ) = 2.411 × ಲಾಗ್ (ಸುತ್ತಳತೆ, ಮಿಮೀ) − 0.065

ಲಾಗ್ 10ರ ಆಧಾರದ್ದು. ಸುತ್ತಳತೆ 150 ಮಿಮೀ ಎನ್ನಿ: ಅದರ ಲಾಗ್ 2.176, ಗುಣಿಸಿ ಕಳೆದರೆ 5.181. ಇದು ತೂಕದ ಲಾಗ್; 10ನ್ನು ಈ ಘಾತಕ್ಕೆ ಏರಿಸಿದರೆ (10^5.181) ಗ್ರಾಂ ಲೆಕ್ಕ ಸಿಗುತ್ತದೆ, ಅಂದರೆ ಸುಮಾರು 152 ಕಿಲೋ. ಅದೇ 155 ಮಿಮೀ ಎಂದು ತಪ್ಪಾಗಿ ಓದಿದರೆ 164 ಕಿಲೋ. ಐದು ಮಿಮೀ ತಪ್ಪಿಗೆ ಹನ್ನೆರಡು ಕಿಲೋ! ಸೆಂಟಿಮೀಟರಿನಲ್ಲಿ ಹಾಕಿದರಂತೂ ದೈತ್ಯಹಕ್ಕಿ ಕೋಳಿಗಿಂತ ಹಗುರವಾಗಿಬಿಡುತ್ತದೆ.

ಬಿರುಕುಗಳಲ್ಲಿ ಮಣ್ಣೋ ಖನಿಜವೋ ತುಂಬಿ ಮೂಳೆ ಊದಿಕೊಂಡಿದ್ದರೆ ತೂಕ ಸುಳ್ಳೇ ಏರುತ್ತದೆ; ಅಂಥದ್ದನ್ನು ಬಿಟ್ಟು ಬೇರೆ ಮೂಳೆ ಹುಡುಕಿ. ತುದಿಗಳು ಒರಟಾಗಿ, ಸಣ್ಣ ತೂತುಗಳಿಂದ ಕೂಡಿದ್ದರೆ ಅದು ಮರಿಯದು. ಬರುವ ಅಂಕಿಯನ್ನು ಬೆಳೆದ ಹಕ್ಕಿಯದೆಂದು ಬರೆಯಬೇಡಿ. ಪ್ಯಾಕಿಯಾರ್ನಿಸ್ ಎಂಬ ಮೋವಾದ ಕಾಲು ಮೈಗೆ ಹೋಲಿಸಿದರೆ ಅತಿ ದಪ್ಪ, ಅಲ್ಲಿ ಸೂತ್ರ ಹೆಚ್ಚೇ ತೋರಿಸುತ್ತದೆ. ಆನೆಹಕ್ಕಿಯ ತೊಂದರೆ ಬೇರೆ: ಅಷ್ಟು ಭಾರದ ಹಕ್ಕಿ ಇವತ್ತು ಯಾವುದೂ ಇಲ್ಲ. ಉಷ್ಟ್ರಪಕ್ಷಿಯವರೆಗಿನ ಅಳತೆಗಳಿಂದ ಹುಟ್ಟಿದ ಗೆರೆಯನ್ನು ಅದರಾಚೆಗೂ ಎಳೆಯುತ್ತಿದ್ದೇವೆ, ಆದ್ದರಿಂದ ಒಂದೇ ಅಂಕಿಯ ಬದಲು ಇಷ್ಟರಿಂದ ಇಷ್ಟು ಎಂದು ಬರೆಯುವುದೇ ಸರಿ.

ಒಂದೇ ಜಾಗದ ಎರಡು ಮೂಳೆಗಳಲ್ಲಿ ಒಂದು ಇನ್ನೊಂದರ ಎರಡು ಪಟ್ಟು ತೂಕ ಕೊಟ್ಟರೆ ಎರಡು ಜಾತಿ ಎಂಬ ತೀರ್ಮಾನಕ್ಕೆ ಹಾರಬೇಡಿ. ಡೈನಾರ್ನಿಸ್ ಮೋವಾದ ಹೆಣ್ಣು ಗಂಡಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ತೂಗಬಲ್ಲದು. 2003ರಲ್ಲಿ ಡಿಎನ್‌ಎ ಪರೀಕ್ಷೆ ಆಗುವ ತನಕ ಆ ಗಂಡು-ಹೆಣ್ಣುಗಳಿಗೆ ಬೇರೆ ಬೇರೆ ಜಾತಿಯ ಹೆಸರುಗಳಿದ್ದವು.