ಕರೆಂಟ್ ಮರಳಿ ಬಂದಾಗ ತಾನೇ ಗುಂಡಿ ಒತ್ತುವ ಪುಟ್ಟ ಸಾಧನ

ತೀರ್ಥಹಳ್ಳಿ, ಹೊಸನಗರದ ಕಡೆಯ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕಗಳಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು ದೊಡ್ಡ ಕೆಲಸ. ಅದಕ್ಕಾಗಿ ನಮ್ಮ ಪುಸ್ತಕದ ಕೋಣೆಯಲ್ಲಿ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಇಟ್ಟಿದ್ದೇವೆ. ಆದರೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗಿ ಮರಳಿ ಬಂದಾಗ ಅದು ತಾನಾಗಿ ಚಾಲೂ ಆಗುವುದಿಲ್ಲ. ಯಾರಾದರೂ ಹೋಗಿ ಗುಂಡಿ ಒತ್ತಬೇಕು. ಯಂತ್ರವನ್ನು ಬಿಚ್ಚಿ ತಂತಿ ಬೆಸೆದರೆ ವಾರಂಟಿಯೂ ಹೋಗುತ್ತದೆ, ಒಳಗಿನ 230 ವೋಲ್ಟಿನ ಅಪಾಯವೂ ಇದೆ. ಹೊರಗಿನಿಂದಲೇ ಗುಂಡಿ ಒತ್ತುವ ಸಾಧನವನ್ನು ಕಟ್ಟಿಕೊಳ್ಳುವುದು ಇದಕ್ಕಿಂತ ಸುರಕ್ಷಿತ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಒಂದು ಆರ್ಡುಯಿನೋ ನ್ಯಾನೋ (ಪ್ರೋಗ್ರಾಂ ಬರೆದು ಹಾಕಬಹುದಾದ ಪುಟ್ಟ ಬೋರ್ಡು), ಹೇಳಿದ ಕೋನಕ್ಕೆ ತೋಳನ್ನು ತಿರುಗಿಸಿ ನಿಲ್ಲಿಸುವ 9 ಗ್ರಾಂ ತೂಕದ ಎಸ್‌ಜಿ90 ಸರ್ವೋ ಮೋಟಾರ್, 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್, 470 ಮೈಕ್ರೋಫ್ಯಾರಡ್ ಕೆಪಾಸಿಟರ್, ಒಂದು ಎಲ್‌ಡಿಆರ್ (ಬೆಳಕು ಬಿದ್ದಾಗ ವಿದ್ಯುತ್ ರೋಧ ಕಡಿಮೆಯಾಗುವ ಬಿಡಿಭಾಗ) ಮತ್ತು 10 ಕಿಲೋಓಮ್ ರೆಸಿಸ್ಟರ್. ಕರೆಂಟ್ ಕೊಟ್ಟಾಗ ಕಡ್ಡಿಯನ್ನು ಥಟ್ಟನೆ ತಳ್ಳುವ ಸೊಲೆನಾಯ್ಡ್ ಬಳಸಿದರೂ ಗುಂಡಿ ಒತ್ತಬಹುದು. ಆದರೆ ಅದು ಒತ್ತುವುದಕ್ಕಿಂತ ಹೊಡೆಯುತ್ತದೆ. ಸಣ್ಣ ಗುಂಡಿಗೆ ಸರ್ವೋ ಲೇಸು.

ಸರ್ವೋವನ್ನು ಕೂರಿಸಲು ನಾನು ಮೊದಲು ಅಡಿಕೆ ದಬ್ಬೆಯ ತುಂಡನ್ನು ಬಳಸಿದ್ದೆ. ಬೇಸಿಗೆಯಲ್ಲಿ ಸರಿಯಾಗಿಯೇ ಇತ್ತು. ಮಳೆ ಹಿಡಿದ ಮೇಲೆ ದಬ್ಬೆ ತೇವ ಕುಡಿದು ಬಾಗಿ, ತೋಳು ಗುಂಡಿಯನ್ನು ಮುಟ್ಟದಾಯಿತು. ಎರಡೂ ಬದಿ ಅಂಟುವ ಟೇಪು ಸಹ ನಮ್ಮ ಮಳೆಗಾಲದಲ್ಲಿ ನಿಲ್ಲುವುದಿಲ್ಲ. ಅಲ್ಯೂಮಿನಿಯಂ ಎಲ್ ಪಟ್ಟಿಗೆ ಸರ್ವೋವನ್ನು ತಿರುಪು ಹಾಕಿ ಬಿಗಿದು, ಆ ಪಟ್ಟಿಯನ್ನು ಯಂತ್ರದ ಸುತ್ತ ಪ್ಲಾಸ್ಟಿಕ್ ಟೈಗಳಿಂದ ಕಟ್ಟುವುದೇ ಒಳ್ಳೆಯದು. ತೋಳಿನ ತುದಿಗೆ ಹಳೆಯ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ರಬ್ಬರ್ ತುಂಡನ್ನು ಅಂಟಿಸಬೇಕು.

ಈ ರಬ್ಬರ್ ಏಕೆ ಮುಖ್ಯವೆಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಸಣ್ಣ ಗುಂಡಿಗಳ ಒಳಗಿನ ಟ್ಯಾಕ್ಟ್ ಸ್ವಿಚ್ ಸಾಮಾನ್ಯವಾಗಿ ಕಾಲು ಮಿಲಿಮೀಟರ್‌ನಷ್ಟು ಮಾತ್ರ ಒಳಗೆ ಸರಿಯುತ್ತದೆ. 15 ಮಿಲಿಮೀಟರ್ ಉದ್ದದ ತೋಳು ಒಂದೇ ಡಿಗ್ರಿ ತಿರುಗಿದರೂ ತುದಿ ಹೆಚ್ಚುಕಡಿಮೆ ಅಷ್ಟೇ ದೂರ ಚಲಿಸುತ್ತದೆ. ಸ್ವಿಚ್ಚಿಗೆ 160ರಿಂದ 260 ಗ್ರಾಂ ಒತ್ತಡ ಸಾಕು. ಆದರೆ ಸರ್ವೋ ಆ 15 ಮಿಲಿಮೀಟರ್ ತೋಳಿನ ತುದಿಯಲ್ಲಿ ಒಂದು ಕಿಲೋಗಿಂತ ಹೆಚ್ಚು ಬಲ ಹಾಕಬಲ್ಲದು. ಗಟ್ಟಿ ತುದಿಯಾದರೆ ಎರಡು ಮೂರು ಡಿಗ್ರಿಯ ತಪ್ಪಿಗೇ ಗುಂಡಿ ಮುರಿಯಬಹುದು. ರಬ್ಬರ್ ಆ ತಪ್ಪನ್ನು ತಾನು ನುಂಗಿಕೊಳ್ಳುತ್ತದೆ. ತೋಳನ್ನು ಗುಂಡಿಯಿಂದ 20 ಡಿಗ್ರಿ ದೂರದಲ್ಲಿ ನಿಲ್ಲಿಸಿ, ಒಂದೊಂದೇ ಡಿಗ್ರಿ ಮುಂದೆ ಸರಿಸುತ್ತ, ಟಿಕ್ ಎಂಬ ಸದ್ದು ಕೇಳಿದ ಕೋನಕ್ಕೆ ಎರಡು ಡಿಗ್ರಿ ಸೇರಿಸಿ ಬರೆದಿಟ್ಟುಕೊಳ್ಳಿ. ಕರೆಂಟ್ ಬಂದ ಕ್ಷಣ ಸರ್ವೋ ಕೊಂಚ ಅದುರುವುದರಿಂದಲೂ ಆ 20 ಡಿಗ್ರಿಯ ಅಂತರ ಬೇಕು.

ಸರ್ವೋವಿನ ಕೆಂಪು ತಂತಿಯನ್ನು ನೇರವಾಗಿ ಅಡಾಪ್ಟರಿನ 5 ವೋಲ್ಟಿಗೆ, ಕಂದು ತಂತಿಯನ್ನು ಗ್ರೌಂಡಿಗೆ, ಕಿತ್ತಳೆ ತಂತಿಯನ್ನು ನ್ಯಾನೋದ 9ನೇ ಪಿನ್ನಿಗೆ ಜೋಡಿಸಿ. ನ್ಯಾನೋಗೂ ಅದೇ ಅಡಾಪ್ಟರಿನಿಂದ ಕರೆಂಟ್ ಕೊಟ್ಟು, ಎರಡರ ಗ್ರೌಂಡನ್ನೂ ಸೇರಿಸಬೇಕು. ಕೆಪಾಸಿಟರ್ 5 ವೋಲ್ಟ್ ಮತ್ತು ಗ್ರೌಂಡಿನ ನಡುವೆ, ಸರ್ವೋವಿನ ಹತ್ತಿರವೇ ಇರಲಿ. ಅಡಾಪ್ಟರನ್ನು ಇನ್ವರ್ಟರ್ ಲೈನಿಗೆ ಹಾಕದೆ, ಯಂತ್ರ ಇರುವ ಲೈನಿಗೇ ಹಾಕಬೇಕು. ಏಕೆಂದರೆ ನ್ಯಾನೋ ಹೊಸದಾಗಿ ಎಚ್ಚರಗೊಳ್ಳುವುದೇ ಕರೆಂಟ್ ಬಂದಿತೆಂಬ ಸೂಚನೆ. ಬೇರೆ ಸೆನ್ಸರ್ ಬೇಡ.

ಎಚ್ಚರಗೊಂಡ ಕೂಡಲೇ ಒತ್ತಬಾರದು. ನಿಂತ ಕಂಪ್ರೆಸರ್ ಒಳಗಿನ ಒತ್ತಡ ಸಮವಾಗಲು ಸುಮಾರು ಮೂರು ನಿಮಿಷ ಬೇಕು. ನಮ್ಮಲ್ಲಿ ಬಂದ ಕರೆಂಟ್ ಮತ್ತೆ ಹೋಗುವುದೂ ಉಂಟು. ಐದು ನಿಮಿಷ ಕಾಯುವಂತೆ ಪ್ರೋಗ್ರಾಂ ಬರೆಯಿರಿ. ನನ್ನ ಮೊದಲ ಪ್ರಯತ್ನ ಇಲ್ಲಿಯೇ ಸೋತಿತು. ಆ ಐದು ನಿಮಿಷದೊಳಗೆ ಅಮ್ಮ ಗುಂಡಿ ಒತ್ತಿ ತೋಟಕ್ಕೆ ಹೋಗಿದ್ದರು. ಸಾಧನ ತನ್ನ ಸರದಿ ಬಂದಾಗ ಮತ್ತೊಮ್ಮೆ ಒತ್ತಿ, ಓಡುತ್ತಿದ್ದ ಯಂತ್ರವನ್ನು ಆರಿಸಿತು. ಸಂಜೆಯವರೆಗೂ ಯಾರಿಗೂ ಗೊತ್ತಾಗಲಿಲ್ಲ. ಒಂದೇ ಗುಂಡಿ ಚಾಲೂ ಮಾಡುವ, ಆರಿಸುವ ಎರಡೂ ಕೆಲಸ ಮಾಡುವಾಗ, ಯಂತ್ರ ಈಗ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯದೆ ಒತ್ತುವಂತೆಯೇ ಇಲ್ಲ.

ಎಲ್‌ಡಿಆರ್ ಇರುವುದು ಇದಕ್ಕೇ. ಅದನ್ನು ಸಣ್ಣ ಕಪ್ಪು ಕೊಳವೆಯೊಳಗಿಟ್ಟು ಯಂತ್ರದ ಪವರ್ ದೀಪದ ಮೇಲೆ ಕೂರಿಸಿ, ಒಂದು ಕಾಲನ್ನು 5 ವೋಲ್ಟಿಗೆ, ಇನ್ನೊಂದನ್ನು ಎ0 ಪಿನ್ನಿಗೆ ಕೊಡಿ. ಎ0ದಿಂದ ಗ್ರೌಂಡಿಗೆ ರೆಸಿಸ್ಟರ್ ಹಾಕಿ. ದೀಪ ಉರಿದಾಗ ಮತ್ತು ಆರಿದಾಗ ಎ0 ಪಿನ್ನಿನಲ್ಲಿ ನ್ಯಾನೋ ಓದುವ ಅಂಕಿಗಳನ್ನು ನೋಡಿ, ನಡುವಿನ ಅಂಕಿಯನ್ನು ಗಡಿಯಾಗಿಟ್ಟುಕೊಳ್ಳಿ. ದೀಪ ಆರಿದ್ದರೆ ಮಾತ್ರ ತೋಳು ಮುಂದೆ ಹೋಗಿ, 300 ಮಿಲಿಸೆಕೆಂಡ್ ಒತ್ತಿ, ಹಿಂದೆ ಸರಿಯಲಿ. ಹತ್ತು ಸೆಕೆಂಡಿನ ಬಳಿಕವೂ ದೀಪ ಉರಿಯದಿದ್ದರೆ ಇನ್ನೊಮ್ಮೆ ಒತ್ತಲಿ, ಅಲ್ಲಿಗೆ ನಿಲ್ಲಿಸಬೇಕು. ಕೆಲಸ ಮುಗಿದ ಮೇಲೆ ಪ್ರೋಗ್ರಾಂನಲ್ಲಿ, ಸರ್ವೋಗೆ ಹೋಗುವ ಸಂಕೇತವನ್ನು ನಿಲ್ಲಿಸುವ ಡಿಟ್ಯಾಚ್ ಆಜ್ಞೆ ಕೊಟ್ಟರೆ ಸರ್ವೋವಿನ ಗುಂಯ್ ಎಂಬ ಸದ್ದು ನಿಲ್ಲುತ್ತದೆ.

ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡಿನಲ್ಲಿ ಪರೀಕ್ಷಿಸಿದ ಮೇಲೆ ಎಲ್ಲ ಜೋಡಣೆಗಳನ್ನೂ ಬೆಸುಗೆ ಹಾಕಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ಬೆರಳು ತಾಗಿದರೆ ಸಾಕೆನ್ನುವ ಟಚ್ ಫಲಕಗಳು ರಬ್ಬರಿಗೆ ಸ್ಪಂದಿಸುವುದಿಲ್ಲ. ಪಂಪಿನ ಸ್ಟಾರ್ಟರಿಗೂ ಇದನ್ನು ಕಟ್ಟಬೇಡಿ: ಅಲ್ಲಿ ಮೂರೂ ಫೇಸ್ ಬಂದಿದೆಯೇ ಎಂದು ನೋಡಿಕೊಳ್ಳುವ ಆಟೋ ಸ್ಟಾರ್ಟರೇ ಬೇಕು.