ಒಂದು ಬಟನ್ ಸೆಲ್, ಎರಡು ತಪ್ಪು ತಾರೀಖು

ಬ್ಯಾಕಪ್ ಫೋಲ್ಡರ್‌ಗಳನ್ನು ಎಣಿಸುತ್ತ ಕುಳಿತಿದ್ದೆ, ಲೆಕ್ಕ ತಾಳೆಯಾಗಲಿಲ್ಲ. ದಿನಕ್ಕೊಂದರಂತೆ 30 ಇರಬೇಕಿತ್ತು, 23 ಇದ್ದವು. ಲೆಕ್ಕಕ್ಕೆ ಸಿಗದ ಆ ಏಳು ದಿನಗಳಲ್ಲೂ ಯಂತ್ರ ಓಡಿತ್ತು, ಡಿಸ್ಕ್ ಗುರುಗುಟ್ಟಿದ್ದನ್ನು ನಾನೇ ಕೇಳಿದ್ದೆ. ನಕಲು ಆಗಿತ್ತು, ಆದರೆ ಉಳಿದಿರಲಿಲ್ಲ.

ಯಂತ್ರ ಎಂದರೆ ಹಳೆಯ ಡೆಸ್ಕ್‌ಟಾಪ್. ಪರದೆ, ಕೀಲಿಮಣೆ ಕಿತ್ತು, ಲಿನಕ್ಸ್ ಹಾಕಿ, ಮೂಲೆಯಲ್ಲಿಟ್ಟು ಫೈಲ್ ಕಾಯುವ ಕೆಲಸಕ್ಕೆ ಹಚ್ಚಿದ್ದೆ. ಆನ್ ಆಗಿ ನೆಟ್‌ವರ್ಕ್ ಸಿಕ್ಕ ಕೂಡಲೇ ನಾನು ಬರೆದ ಪುಟ್ಟ ಸ್ಕ್ರಿಪ್ಟ್ ಅಂದಿನ ತಾರೀಖಿನ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡಿ ಬ್ಯಾಕಪ್ ತುಂಬುತ್ತದೆ. ರಾತ್ರಿ ಇನ್ನೊಂದು ಸ್ಕ್ರಿಪ್ಟ್ ಬಂದು 30 ದಿನಕ್ಕಿಂತ ಹಳೆಯ ಹೆಸರಿನ ಫೋಲ್ಡರ್‌ಗಳನ್ನು ಅಳಿಸಿ ಹೋಗುತ್ತದೆ. ವರ್ಷಗಟ್ಟಲೆ ಇಬ್ಬರೂ ಜಗಳವಿಲ್ಲದೆ ಬದುಕಿದ್ದರು.

ಕಾಣೆಯಾದ ಫೋಲ್ಡರ್‌ಗಳಿಗೂ ಗಡಿಯಾರಕ್ಕೂ ನಂಟಿದೆ ಎಂದು ನನಗೆ ಹೊಳೆಯಲಿಲ್ಲ. ಅದನ್ನು ಹೊಳೆಯಿಸಿದ್ದು ಅದೇ ವಾರ ಶುರುವಾದ ಇನ್ನೊಂದು ಕಾಟ. ಕೆಲವು ಬೆಳಿಗ್ಗೆ ಯಂತ್ರ ಎದ್ದಾಗ ಹೊರಗಿನ ಯಾವ ಸರ್ವರ್ ಜೊತೆಗೂ ಮಾತಾಡಲು ಒಪ್ಪುತ್ತಿರಲಿಲ್ಲ. ಒಳಗೆ ಇಣುಕಿದರೆ ಗಡಿಯಾರ ಸುಮಾರು ಎರಡು ವರ್ಷ ಹಿಂದಿನ ತಾರೀಖು ತೋರಿಸುತ್ತ ನೆಮ್ಮದಿಯಾಗಿ ಟಿಕ್ ಟಿಕ್ ಎನ್ನುತ್ತಿತ್ತು. ಕೈಯಿಂದಲೇ ಸರಿಯಾದ ಸಮಯ ಕೂರಿಸಿದೆ, ಮರುಚಾಲನೆ ಮಾಡಿದೆ, ಸರಿಯಾಗಿಯೇ ಎದ್ದಿತು. ಮುಗಿಯಿತು ಎಂದುಕೊಂಡೆ. ಎರಡು ದಿನ ಬಿಟ್ಟು ಮತ್ತೆ ಅದೇ ಹಾಡು.

ಇಲ್ಲಿ ನಾನು ಮಾಡಿದ ಮೊದಲ ತಪ್ಪು, ಸಾಕ್ಷಿಯನ್ನು ಬರೆದಿಟ್ಟುಕೊಳ್ಳುವ ಮುನ್ನವೇ ಅಳಿಸಿದ್ದು. ಕೈಯಿಂದ ಸಮಯ ಸರಿಪಡಿಸಿದರೆ ಮದರ್‌ಬೋರ್ಡ್ ಮೇಲಿನ ಗಡಿಯಾರವೂ ಸರಿಯಾಗಿಬಿಡುತ್ತದೆ. ಆಮೇಲೆ ಏನು ಕೆಟ್ಟಿತ್ತು ಎಂದು ಹೇಳಲು ಯಾರೂ ಇರುವುದಿಲ್ಲ. ಎರಡನೆಯ ತಪ್ಪು, ಮರುಚಾಲನೆಯನ್ನು ಪರೀಕ್ಷೆ ಎಂದು ನಂಬಿದ್ದು. ಮರುಚಾಲನೆ, ಸ್ಥಗಿತಗೊಳಿಸುವುದು, ಗೋಡೆಯ ಸ್ವಿಚ್ ಆರಿಸುವುದು ಈ ಮೂರೂ ಬೇರೆ ಬೇರೆ. ಸ್ಥಗಿತಗೊಂಡರೂ ಪ್ಲಗ್‌ನಲ್ಲಿ ವಿದ್ಯುತ್ ಇರುವ ತನಕ ಪವರ್ ಸಪ್ಲೈ ಮದರ್‌ಬೋರ್ಡ್‌ಗೆ ಒಂದಿಷ್ಟು ಉಣಿಸುತ್ತಲೇ ಇರುತ್ತದೆ. ಗಡಿಯಾರ ಅದರಲ್ಲೇ ಬದುಕುತ್ತದೆ. ಗೋಡೆಯ ಸ್ವಿಚ್ ಆರಿಸಿದಾಗ ಮಾತ್ರ ಅದು ಬೋರ್ಡ್ ಮೇಲಿನ ನಾಣ್ಯದಂಥ ಪುಟ್ಟ ಬ್ಯಾಟರಿಯ, ಅಂದರೆ ಬಟನ್ ಸೆಲ್‌ನ ಆಸರೆಗೆ ಬೀಳುತ್ತದೆ. ನಾನು ಕೆಲವು ರಾತ್ರಿ ಸ್ವಿಚ್ ಆರಿಸಿ ಮಲಗುತ್ತಿದ್ದೆ, ಕೆಲವು ರಾತ್ರಿ ಇಲ್ಲ. ಕಾಣೆಯಾದ ಏಳು ದಿನ ಎಂದರೆ ನಾನು ಶಿಸ್ತಿನಿಂದ ಸ್ವಿಚ್ ಆರಿಸಿದ ಏಳು ರಾತ್ರಿಗಳ ಮರುದಿನ!

ಹಾಗಾದರೆ ಸೆಲ್ ಸತ್ತಿದೆ, ಬೇರೇನೂ ಇಲ್ಲ ಎಂದು ಪರದೆ ಜೋಡಿಸಿ, ಲಿನಕ್ಸ್‌ಗೂ ಮೊದಲೇ ಏಳುವ ಬೋರ್ಡ್‌ನ ಸ್ವಂತ ತಂತ್ರಾಂಶವಾದ ಬಯಾಸ್ ತೆರೆದೆ. ಅಲ್ಲಿ ತಾರೀಖು 2012ರ ಜನವರಿ 1. ಆದರೆ ಲಿನಕ್ಸ್ ಒಳಗೆ ನಾನು ಕಂಡಿದ್ದು ಎರಡು ವರ್ಷ ಹಿಂದಿನ ತಾರೀಖು, 2012 ಅಲ್ಲ. ಒಂದೇ ಪೆಟ್ಟಿಗೆಯಲ್ಲಿ ಎರಡು ತಪ್ಪು ಸಮಯ, ಅವುಗಳ ನಡುವೆಯೂ ಹೊಂದಾಣಿಕೆಯಿಲ್ಲ. ಇದು ನನ್ನನ್ನು ಒಂದು ಸಂಜೆ ಪೂರ್ತಿ ಕಾಡಿತು.

ಉತ್ತರ ಯಂತ್ರ ತನ್ನ ಆಗುಹೋಗು ಬರೆದಿಡುವ ಲಾಗ್‌ನಲ್ಲೇ ಇತ್ತು, ಆದರೆ ನಾನು ಅದನ್ನು ತಪ್ಪು ಕನ್ನಡಕ ಹಾಕಿಕೊಂಡು ಓದುತ್ತಿದ್ದೆ. ಗಡಿಯಾರವೇ ಕೆಟ್ಟಿರುವಾಗ ಲಾಗ್‌ನ ಪ್ರತಿ ಸಾಲಿನ ಮುಂದಿರುವ ತಾರೀಖು ಯಾವ ಉಪಯೋಗಕ್ಕೂ ಬಾರದು. ಸಾಲುಗಳು ಎರಡು ವರ್ಷ ಹಿಂದೆ ಶುರುವಾಗಿ ನಡುವೆ ಇಂದಿಗೆ ಜಿಗಿಯುತ್ತವೆ, ನಿನ್ನೆಯ ಚಾಲನೆಯೂ ಇಂದಿನ ಚಾಲನೆಯೂ ಕಲಸಿಹೋಗುತ್ತವೆ. ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಆದೇಶಕ್ಕೆ ಶಾರ್ಟ್-ಮೊನೊಟಾನಿಕ್ ಎಂಬ ರೂಪ ಕೊಟ್ಟರೆ ತಾರೀಖು ಮಾಯವಾಗಿ, ಯಂತ್ರ ಎದ್ದ ಎಷ್ಟನೆಯ ಸೆಕೆಂಡಿನಲ್ಲಿ ಏನಾಯಿತು ಎಂಬುದು ಬರುತ್ತದೆ. ಈ ಎಣಿಕೆ ಯಾರು ಗಡಿಯಾರ ತಿರುಗಿಸಿದರೂ ಅಲುಗದು. ಹಾಗೆ ಓದಿದಾಗ ಮೊದಲ ಕೆಲವು ಸೆಕೆಂಡುಗಳಲ್ಲೇ ಆ ಸಾಲು ಸಿಕ್ಕಿತು: ಯಂತ್ರದ ಸಮಯ ನನ್ನ ನಿರ್ಮಾಣದ ಸಮಯಕ್ಕಿಂತ ಹಿಂದಿದೆ, ಆದ್ದರಿಂದ ಮುಂದಕ್ಕೆ ಸರಿಸುತ್ತಿದ್ದೇನೆ ಎಂದು, ಲಿನಕ್ಸ್ ಏಳುವಾಗ ಉಳಿದ ಸೇವೆಗಳನ್ನೆಲ್ಲ ಎಬ್ಬಿಸುವ ಸಿಸ್ಟಮ್‌ಡಿ ಹೇಳಿಕೊಂಡಿತ್ತು.

ಆಗ ಕಥೆ ಬಿಚ್ಚಿಕೊಂಡಿತು. ಕಂಪ್ಯೂಟರ್‌ನಲ್ಲಿ ಎರಡು ಗಡಿಯಾರಗಳಿವೆ. ಒಂದು ಬೋರ್ಡ್ ಮೇಲಿನದು, ಸೆಲ್‌ನಿಂದ ಬದುಕುವಂಥದ್ದು. ಇನ್ನೊಂದು ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗಿನದು. ಅದು ಯಂತ್ರ ಏಳುವಾಗ ಮೊದಲನೆಯದನ್ನು ಒಮ್ಮೆ ಕೇಳಿಕೊಂಡು, ಆಮೇಲೆ ತನ್ನ ಪಾಡಿಗೆ ತಾನು ಎಣಿಸುತ್ತ ಹೋಗುತ್ತದೆ. ಬೋರ್ಡ್ 2012 ಎಂದಿತು. ಕರ್ನಲ್ ನಂಬಿತು. ಸಿಸ್ಟಮ್‌ಡಿ ಮಾತ್ರ, ನಾನು ಹುಟ್ಟುವ ಮೊದಲೇ ನಾನು ಓಡುತ್ತಿರಲು ಹೇಗೆ ಸಾಧ್ಯ ಎಂದು ತರ್ಕಿಸಿ, ತನ್ನ ಆವೃತ್ತಿ ಸಿದ್ಧವಾದ ದಿನಕ್ಕೆ ಗಡಿಯಾರವನ್ನು ತಂದಿಟ್ಟಿತು. ನನ್ನ ಎರಡು ವರ್ಷ ಹಿಂದಿನ ತಾರೀಖು ಅದು. ಬ್ಯಾಕಪ್ ಆ ಹೆಸರಿನಲ್ಲಿ ಫೋಲ್ಡರ್ ಮಾಡಿತು. ಸ್ವಲ್ಪ ಹೊತ್ತಿಗೆ ನೆಟ್‌ವರ್ಕ್ ಸಮಯ ಬಂದು ಗಡಿಯಾರ ಸರಿಯಾಯಿತು. ರಾತ್ರಿ ಗುಡಿಸುವವನು ಬಂದು, ಎರಡು ವರ್ಷ ಹಳೆಯ ಫೋಲ್ಡರ್ ಕಂಡು, ನಿಷ್ಠೆಯಿಂದ ಅಳಿಸಿದ. ಯಾರೂ ತಪ್ಪು ಮಾಡಿರಲಿಲ್ಲ. ಎಲ್ಲರೂ ತಮ್ಮ ಮುಂದಿನವನ ಮಾತು ನಂಬಿದ್ದರು, ಅಷ್ಟೇ.

ಸೆಲ್ ಬದಲಿಸುವುದು ಐದು ನಿಮಿಷದ ಕೆಲಸ. ಹೆಚ್ಚಿನ ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿರುವುದು ಸಿಆರ್2032, 3 ವೋಲ್ಟ್‌ನದು. ಹೆಸರಿನಲ್ಲೇ ಅಳತೆ ಇದೆ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ನನ್ನದು ಮಲ್ಟಿಮೀಟರ್‌ನಲ್ಲಿ 2.1 ತೋರಿಸಿತು. ಕೀಳುವ ಮುನ್ನ ಪ್ಲಗ್ ತೆಗೆಯಿರಿ, ಬಯಾಸ್‌ನ ಪುಟಗಳನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಳ್ಳಿ. ನಾನು ತೆಗೆಯಲಿಲ್ಲ, ಡಿಸ್ಕ್‌ನ ಕ್ರಮ ತಪ್ಪಿ, ಎದ್ದೇಳಲು ಏನೂ ಇಲ್ಲ ಎಂದು ಯಂತ್ರ ಕಪ್ಪು ಪರದೆಯಲ್ಲಿ ಗೊಣಗಿದಾಗ ಒಂದು ಕ್ಷಣ ಎದೆ ಧಸಕ್ಕೆಂದಿತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದು ಪ್ರಶ್ನೆ ಉಳಿದಿತ್ತು. ಮೊದಲೆಲ್ಲ ಗಡಿಯಾರ ತಾನಾಗಿ ಸರಿಯಾಗುತ್ತಿತ್ತು, ಇಲ್ಲದಿದ್ದರೆ ಅಳಿಸುವ ಸ್ಕ್ರಿಪ್ಟ್‌ಗೆ ಆ ಫೋಲ್ಡರ್ ಹಳೆಯದಾಗಿ ಕಾಣುತ್ತಲೇ ಇರಲಿಲ್ಲ. ಈ ವಾರ ಮಾತ್ರ ಕೈಯಿಂದ ತಿದ್ದುವ ತನಕ ತಪ್ಪಾಗಿಯೇ ನಿಂತಿದ್ದೇಕೆ? ಹೊಸ ಸೆಲ್ ಹಾಕಿದ ಮೇಲೆ ಆ ಪ್ರಶ್ನೆ ಕಣ್ಣಿಗೆ ಬೀಳದಂತೆ ಅಡಗಿತ್ತು. ಸೆಲ್ ಇನ್ನೊಮ್ಮೆ ಸಾಯುವ ದಿನದವರೆಗೂ ಅದು ಅಡಗಿಯೇ ಇರುತ್ತಿತ್ತು. ಹಾಗಾಗಿ ರೋಗವನ್ನು ಬೇಕೆಂದೇ ತರಿಸಿದೆ. ಎಚ್‌ಡಬ್ಲ್ಯೂಕ್ಲಾಕ್ ಆದೇಶದಿಂದ ಬೋರ್ಡ್ ಗಡಿಯಾರಕ್ಕೆ 2012ರ ತಾರೀಖು ಕೊಟ್ಟು ಮರುಚಾಲನೆ ಮಾಡಿದೆ.

ಸಮಯ ತರುವ ಸೇವೆಯಾಗಿ ನನ್ನಲ್ಲಿರುವುದು ಕ್ರಾನಿ. ಅದರ ಮೂಲಗಳ ಪಟ್ಟಿ ಕೇಳಿದೆ, ಪಟ್ಟಿ ಖಾಲಿ. ಸರ್ವರ್ ಉತ್ತರಿಸುತ್ತಿಲ್ಲ ಎಂದಲ್ಲ, ಸರ್ವರ್‌ನ ವಿಳಾಸವೇ ಸಿಕ್ಕಿಲ್ಲ. ಹೆಸರನ್ನು ಕೈಯಿಂದ ಹುಡುಕಿಸಿದರೆ, ಹೆಸರಿಗೆ ಅಂಕಿ ವಿಳಾಸ ಕೊಡುವ ಡಿಎನ್ಎಸ್ ಕೂಡ ಸರ್ವರ್ ವಿಫಲ ಎಂದಿತು. ಆಗ ನೆನಪಾಯಿತು: ಎರಡು ವಾರದ ಹಿಂದೆ ಇದೇ ಯಂತ್ರದಲ್ಲಿ ನಾನೇ ಆ ಹುಡುಕಾಟ ಮಾಡುವ ಒಂದು ಡಿಎನ್ಎಸ್ ರಿಸಾಲ್ವರ್ ಕೂರಿಸಿದ್ದೆ, ಉತ್ತರ ಅಸಲಿಯೆಂದು ಸಾರುವ ಡಿಎನ್ಎಸ್‌ಸೆಕ್ ಸಹಿಗಳನ್ನು ಪರಿಶೀಲಿಸುವಂಥದ್ದು. ಆ ಸಹಿಗಳಿಗೆ ಶುರುವಿನ ತಾರೀಖೂ ಇದೆ, ಕೊನೆಯ ತಾರೀಖೂ ಇದೆ. 2010ರ ಜುಲೈನಿಂದ ಹೆಸರುಗಳ ಮರದ ಮೇಲ್ತುದಿಯಾದ ಮೂಲ ವಲಯಕ್ಕೇ ಸಹಿ ಇರುವುದರಿಂದ, ಕೇಳಿದ ಹೆಸರಿಗೆ ಸಹಿ ಇಲ್ಲದಿದ್ದರೂ ಪರಿಶೀಲನೆ ಮೇಲಿಂದಲೇ ಶುರುವಾಗುತ್ತದೆ. ಗಡಿಯಾರ ಎರಡು ವರ್ಷ ಹಿಂದಿದ್ದರೆ ಜಗತ್ತಿನ ಎಲ್ಲ ಸಹಿಗಳೂ ಇನ್ನೂ ಜಾರಿಗೆ ಬಂದಿಲ್ಲದವು. ರಿಸಾಲ್ವರ್ ಎಲ್ಲವನ್ನೂ ತಿರಸ್ಕರಿಸುತ್ತದೆ, ಸಮಯದ ಸರ್ವರ್‌ನ ಹೆಸರನ್ನೂ ಸೇರಿಸಿ. ಹುಚ್ಚು ಬಿಡದ ಹೊರತು ಮದುವೆಯಾಗುವುದಿಲ್ಲ, ಮದುವೆಯಾಗದ ಹೊರತು ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ಕಟ್ಟಿದವರು ಈ ರಿಸಾಲ್ವರ್ ನೋಡಿಯೇ ಕಟ್ಟಿರಬೇಕು.

ಈ ಗಂಟು ಬಿಡಿಸಲು ಹೆಸರು ಬೇಡದ ಒಂದು ಮೂಲವಾದರೂ ಬೇಕು. ಸಾರ್ವಜನಿಕ ಸರ್ವರ್‌ನ ಅಂಕಿ ವಿಳಾಸ ಬರೆಯಬಹುದು, ಆದರೆ ಅದು ಎಂದು ಬದಲಾಗುವುದೋ ಹೇಳುವವರಿಲ್ಲ. ನನ್ನ ರೌಟರ್‌ಗೆ ಸಮಯ ಹಂಚುವ ಶಕ್ತಿಯಿತ್ತು. ಅದರ ಒಳಗಿನ ವಿಳಾಸವನ್ನೇ ಕ್ರಾನಿಯ ಮೊದಲ ಮೂಲವಾಗಿ ಬರೆದೆ, ಹೆಸರಿನ ಸರ್ವರ್‌ಗಳನ್ನು ಕೆಳಗೆ ಉಳಿಸಿದೆ. ವಿದ್ಯುತ್ ಹೋಗಿ ರೌಟರ್ ಕೂಡ ಆಗಷ್ಟೇ ಎದ್ದಿದ್ದರೆ? ತನಗೇ ಸಮಯ ಸಿಕ್ಕಿಲ್ಲ ಎಂಬ ಗುರುತನ್ನು ಅದು ಉತ್ತರದಲ್ಲೇ ಕಳಿಸುತ್ತದೆ, ಕ್ರಾನಿ ಅಂಥ ಉತ್ತರವನ್ನು ಬದಿಗಿಟ್ಟು ಮತ್ತೆ ಕೇಳುತ್ತದೆ. ಜೊತೆಗೆ ಕ್ರಾನಿಗೆ ಎಸ್ ಆಯ್ಕೆಯನ್ನೂ ಕೊಟ್ಟೆ. ಆಗ ಬೋರ್ಡ್ ಗಡಿಯಾರ ತೀರ ಹಿಂದೆ ಬಿದ್ದಿದ್ದರೆ, ಕ್ರಾನಿ ತಾನು ಕೊನೆಯ ಬಾರಿ ಬರೆದ ಫೈಲ್‌ನ ಸಮಯದಿಂದ ಶುರುಮಾಡುತ್ತದೆ. ತಪ್ಪು ವರ್ಷಗಳಿಂದ ಗಂಟೆಗಳಿಗೆ ಇಳಿಯುತ್ತದೆ.

ಉಳಿದದ್ದು ಸರದಿಯ ಪ್ರಶ್ನೆ. ನನ್ನ ಬ್ಯಾಕಪ್ ಸೇವೆ ನೆಟ್‌ವರ್ಕ್ ಬಂದ ಮೇಲೆ ಓಡು ಎಂಬ ಷರತ್ತಿನಲ್ಲಿತ್ತು. ನೆಟ್‌ವರ್ಕ್ ಬಂದರೆ ಸಮಯವೂ ಬಂದಂತೆ ಎಂದು ನಾನು ಯಾವ ಆಧಾರದ ಮೇಲೆ ನಂಬಿದ್ದೆನೋ! ಷರತ್ತನ್ನು, ಸಮಯ ಸರಿಹೊಂದಿದ ಹಂತವನ್ನು ಸೂಚಿಸುವ ಸಿಸ್ಟಮ್‌ಡಿಯ ಟೈಮ್-ಸಿಂಕ್ ಟಾರ್ಗೆಟ್‌ಗೆ ಬದಲಿಸಿದೆ. ಏನೂ ಬದಲಾಗಲಿಲ್ಲ, ಬ್ಯಾಕಪ್ ಮೊದಲಿನಂತೆಯೇ ಮುಂಚೆ ಓಡಿತು. ಇಲ್ಲಿ ಬಹಳ ಮಂದಿ ಎಡವುತ್ತಾರೆಂದು ನನ್ನ ಅಂದಾಜು. ಆ ಟಾರ್ಗೆಟ್ ಬರೀ ಒಂದು ಮೈಲಿಗಲ್ಲು. ಅದರ ಮುಂದೆ ನಿಂತು ತಡೆಯುವವರು ಯಾರೂ ಇಲ್ಲದಿದ್ದರೆ ಎಲ್ಲರೂ ನಿಲ್ಲದೆ ದಾಟುತ್ತಾರೆ. ತಡೆಯುವ ಕೆಲಸಕ್ಕೆ ಬೇರೆಯೇ ಸೇವೆ ಇದೆ, ಕ್ರಾನಿಗಾದರೆ ಕ್ರಾನಿ-ವೇಟ್, ಸಿಸ್ಟಮ್‌ಡಿಯ ಸ್ವಂತ ಸಮಯ ಸೇವೆ ಬಳಸುವವರಿಗೆ ಟೈಮ್-ವೇಟ್-ಸಿಂಕ್. ಅದನ್ನು ನಾವಾಗಿ ಸಕ್ರಿಯಗೊಳಿಸಬೇಕು. ಮಾಡಿದೆ. ಆದರೂ ಕಾಯುವುದಕ್ಕೆ ಒಂದು ಮಿತಿ ಇರುವುದರಿಂದ, ಸ್ಕ್ರಿಪ್ಟ್‌ನಲ್ಲೇ ಒಂದು ಸಾಲು ಸೇರಿಸಿದೆ: ಇಂದಿನ ತಾರೀಖು ಕೊನೆಯ ಬ್ಯಾಕಪ್‌ನ ತಾರೀಖಿಗಿಂತ ಹಿಂದಿದ್ದರೆ ಏನೂ ಮಾಡದೆ ಗಲಾಟೆ ಎಬ್ಬಿಸು. ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಇಷ್ಟವಾದ ಸಾಲು ಅದೇ.

ಪರೀಕ್ಷೆಯ ನಡುವೆ ಇನ್ನೊಂದು ವಿಚಿತ್ರ ನನ್ನನ್ನು ಗೊಂದಲಕ್ಕೆ ಕೆಡವಿತು. ಸುಳ್ಳು ತಾರೀಖು ಕೊಟ್ಟು ಮರುಚಾಲನೆ ಮಾಡಿದರೆ, ಸಮಯ ಸರಿಯಾದ ಮೇಲೂ ಮುಂದಿನ ಚಾಲನೆಯಲ್ಲಿ ಬೋರ್ಡ್ ಗಡಿಯಾರ ಕೆಲವೊಮ್ಮೆ ಸರಿಯಿರುತ್ತಿತ್ತು, ಕೆಲವೊಮ್ಮೆ 2012ರಲ್ಲೇ ಇರುತ್ತಿತ್ತು. ಕಾರಣ ನನ್ನ ಅವಸರ. ನೆಟ್‌ವರ್ಕ್‌ನಿಂದ ಸಮಯ ಸಿಕ್ಕ ಮೇಲೆ ಕರ್ನಲ್ ಅದನ್ನು ಬೋರ್ಡ್ ಗಡಿಯಾರಕ್ಕೆ ಬರೆಯುವುದು 11 ನಿಮಿಷಕ್ಕೊಮ್ಮೆ. ಅಷ್ಟರೊಳಗೆ ನಾನು ಮತ್ತೆ ಮರುಚಾಲನೆ ಒತ್ತಿದ್ದರೆ ತಿದ್ದುಪಡಿ ಅಲ್ಲಿಗೆ ತಲುಪಿರುವುದಿಲ್ಲ.

ಈ ಪ್ರಕರಣದ ನಂತರ ಪರಿಚಯದವರು ಗಡಿಯಾರದ ದೂರು ತಂದಾಗ ನಾನು ಮೊದಲು ಕೇಳುವುದು, ಎಷ್ಟು ತಪ್ಪಿದೆ ಎಂದು. ವರ್ಷಗಳಷ್ಟು ತಪ್ಪಿದ್ದರೆ ಸೆಲ್. ಕಾಲವಲಯದ ಅಂತರ ಎಷ್ಟೋ ಕರಾರುವಾಕ್ಕಾಗಿ ಅಷ್ಟೇ ತಪ್ಪಿದ್ದರೆ, ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇವೆ ಎಂದು ಲೆಕ್ಕ: ವಿಂಡೋಸ್ ಬೋರ್ಡ್ ಗಡಿಯಾರದಲ್ಲಿ ಸ್ಥಳೀಯ ಸಮಯ ಬರೆಯುತ್ತದೆ, ಲಿನಕ್ಸ್ ಅದನ್ನು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ ಎಂದು ಓದುತ್ತದೆ. ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಎಂಬ ಮೌಲ್ಯವನ್ನು 1 ಮಾಡಿ ಎರಡನ್ನೂ ಯುಟಿಸಿಗೆ ಒಪ್ಪಿಸುವುದೇ ಲೇಸು. ಲಿನಕ್ಸನ್ನೇ ಸ್ಥಳೀಯ ಸಮಯಕ್ಕೆ ಬಗ್ಗಿಸಿದರೆ, ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಎರಡೂ ವ್ಯವಸ್ಥೆಗಳು ತಲಾ ಒಂದು ಗಂಟೆ ತಿರುಗಿಸಿ ಕೂರುತ್ತವೆ. ತಿಂಗಳು ಆಫ್ ಇದ್ದ ಯಂತ್ರ ಅರ್ಧ ಮುಕ್ಕಾಲು ನಿಮಿಷ ತಪ್ಪಿದ್ದರೆ ಏನೂ ಮಾಡಬೇಕಿಲ್ಲ. ಬೋರ್ಡ್ ಮೇಲಿರುವ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ; ಹತ್ತು ಲಕ್ಷಕ್ಕೆ 20ರಷ್ಟು ಆಚೀಚೆ ಹೋದರೂ ದಿನಕ್ಕೆ ಸುಮಾರು 1.7 ಸೆಕೆಂಡು ಜಾರುತ್ತದೆ.

ವಿಂಡೋಸ್ ಮಾತ್ರ ಇರುವ, ಸೆಲ್ ಸತ್ತ ಯಂತ್ರಗಳಲ್ಲಿ ಒಂದು ಹಟಮಾರಿತನ ಕಂಡಿದ್ದೇನೆ. ಅಂತರಜಾಲ ಇದೆ, ಸಮಯ ಸೇವೆ ಓಡುತ್ತಿದೆ, ಆದರೂ ತಿದ್ದಿಕೊಳ್ಳದು. ಕಚೇರಿಯ ಡೊಮೇನ್ ಎಂಬ ಜಾಲಕ್ಕೆ ಸೇರದ ಯಂತ್ರಗಳಲ್ಲಿ ಅದು ಒಪ್ಪುವ ತಿದ್ದುಪಡಿಯ ಮಿತಿ ಸಾಮಾನ್ಯವಾಗಿ 54,000 ಸೆಕೆಂಡು, ಅಂದರೆ 15 ಗಂಟೆ. ಅದಕ್ಕಿಂತ ದೊಡ್ಡ ತಪ್ಪನ್ನು ಅದು ತನ್ನ ತಪ್ಪೆಂದೇ ಒಪ್ಪುವುದಿಲ್ಲ. ಮೊದಲು ತಾರೀಖನ್ನು ಕೈಯಿಂದ ಸರಿಸುಮಾರು ಕೂರಿಸಿ, ಆಮೇಲೆ ಸಿಂಕ್ ಮಾಡಿಸಬೇಕು.

ನನ್ನ ಯಂತ್ರದ ಕೊನೆಯ ಪರೀಕ್ಷೆಯನ್ನು ಹೊಸ ಸೆಲ್ ತೆಗೆದಿಟ್ಟೇ ಮಾಡಿದೆ. ರಾತ್ರಿಯಿಡೀ ಪ್ಲಗ್ ಕಿತ್ತಿಟ್ಟು ಬೆಳಿಗ್ಗೆ ಆನ್ ಮಾಡಿ, ಲಾಗ್ ಅನ್ನು ಸೆಕೆಂಡಿನ ಲೆಕ್ಕದಲ್ಲಿ ತೆರೆದೆ. 4ನೆಯ ಸೆಕೆಂಡಿನಲ್ಲಿ ಸಿಸ್ಟಮ್‌ಡಿಯ ಅದೇ ತರ್ಕ, ಎರಡು ವರ್ಷ ಹಿಂದಿನ ತಾರೀಖು. 12ರಲ್ಲಿ ಕ್ರಾನಿ ಎದ್ದು ಹಿಂದಿನ ರಾತ್ರಿಯ ಸಮಯ ಹಿಡಿಯಿತು. 21ರಲ್ಲಿ ರೌಟರ್ ಉತ್ತರಿಸಿ ಗಡಿಯಾರ ಒಂಬತ್ತು ಗಂಟೆ ಮುಂದಕ್ಕೆ ಜಿಗಿಯಿತು. 23ರಲ್ಲಿ ಬ್ಯಾಕಪ್ ಶುರುವಾಯಿತು, ಫೋಲ್ಡರ್ ಮೇಲೆ ಅಂದಿನದೇ ತಾರೀಖು. ಸೆಲ್ ವಾಪಸ್ ಹಾಕಿ, ಅದನ್ನು ಬದಲಿಸಿದ ದಿನವನ್ನು ಪೆಟ್ಟಿಗೆಯ ಒಳಮೈಗೆ ಚೀಟಿ ಅಂಟಿಸಿ ಪೆನ್ನಿನಲ್ಲಿ ಬರೆದು ಮುಚ್ಚಿದೆ.